ತರಾಸು ಕಟ್ಟಿದ ದುರ್ಗ

ಚಿತ್ರದುರ್ಗದ ಕೋಟೆ ಹೈದರಾಲಿಯ ವಶವಾದದ್ದು 1779ರಲ್ಲಿ. ನಮ್ಮ ಮನೆಯಲ್ಲಿ ಅದು ಬಿದ್ದದ್ದು ಇನ್ನೂರು ವರ್ಷ ಕಳೆದ ಮೇಲೆ, ದೊಡ್ಡಮ್ಮ ‘ದುರ್ಗಾಸ್ತಮಾನ’ ಓದಿ ಮುಗಿಸಿದ ರಾತ್ರಿ. ಮರುದಿನ ಬೆಳಿಗ್ಗೆ ಒಲೆ ಹೊತ್ತಿಸುವುದು ತಡವಾಯಿತು. ‘ಏನಾಯ್ತು ದೊಡ್ಡಮ್ಮ?’ ಎಂದರೆ ‘ದುರ್ಗ ಹೋಯ್ತು ಕಣೋ’ ಎಂದರು. ಹತ್ತಿರದ ನೆಂಟರಲ್ಲಿ ಯಾರೋ ತೀರಿಕೊಂಡ ಸುದ್ದಿ ಬಂದಂತಿತ್ತು ಅವರ ದನಿ. ಅವರು ಕೋಟೆ ಹತ್ತಿದವರಲ್ಲ. ಮೊಣಕಾಲು ನೋವಿನ ಅವರಿಗೆ ಹತ್ತುವ ಆಸೆಯೂ ಇರಲಿಲ್ಲ. ಆದರೂ ಯಾವ ಬಾಗಿಲು ದಾಟಿದರೆ ಯಾವ ಬತೇರಿ, ಯಾವ ಹೊಂಡದ ನೀರು ಯಾರಿಗೆ, ರಾತ್ರಿ ಕಾವಲಿನವರು ಎಲ್ಲಿ ನಿಲ್ಲುತ್ತಿದ್ದರು ಎಂಬುದೆಲ್ಲ ತಮ್ಮ ಬೀದಿಯ ಸಂಗತಿ ಹೇಳಿದ ಹಾಗೆ ಹೇಳುತ್ತಿದ್ದರು. ಒಬ್ಬ ಕಾದಂಬರಿಕಾರ ಅವರಿಗೆ ಅದನ್ನೆಲ್ಲ ಕೊಟ್ಟಿದ್ದ.

ತಳುಕಿನ ರಾಮಸ್ವಾಮಯ್ಯ ಸುಬ್ಬರಾವ್ ಎಂದರೆ ಅರ್ಧ ಕ್ಷಣ ಯೋಚಿಸಬೇಕಾದವರಿಗೂ ತರಾಸು ಎಂದರೆ ತಕ್ಷಣ ತಿಳಿಯುತ್ತಿತ್ತು. 1920ರ ಏಪ್ರಿಲ್ 21ರಂದು ಮಲೇಬೆನ್ನೂರಿನಲ್ಲಿ ಹುಟ್ಟಿದರು. ಮನೆತನ ಚಳ್ಳಕೆರೆಯ ಬಳಿಯ ತಳುಕಿನದು, ಮನೆಮಾತು ತೆಲುಗು. ದೊಡ್ಡಪ್ಪ ಟಿ.ಎಸ್. ವೆಂಕಣ್ಣಯ್ಯನವರು, ಕುವೆಂಪು ‘ಶ್ರೀ ರಾಮಾಯಣ ದರ್ಶನಂ’ ಅರ್ಪಿಸಿದ್ದು ಆ ಗುರುವಿಗೇ. ತ.ಸು. ಶಾಮರಾಯರೂ ಅದೇ ಮನೆಯವರು. ಇಷ್ಟು ವಿದ್ವಾಂಸರಿದ್ದ ಮನೆಯ ಹುಡುಗ ವಿದ್ವಾಂಸನಾಗಲು ಹೋಗಲಿಲ್ಲ. ಸ್ವಾತಂತ್ರ್ಯ ಚಳವಳಿಗೆ ಬಿದ್ದು ಓದು ಬಿಟ್ಟರು, ಜೈಲು ಕಂಡರು, ಹೊರಬಂದು ಪತ್ರಿಕೆಗಳಲ್ಲಿ ದುಡಿದರು. ಅನಕೃ ಮುಂದಾಳಾಗಿದ್ದ ಪ್ರಗತಿಶೀಲ ಬಳಗದಲ್ಲಿ ಕಟ್ಟೀಮನಿ, ನಿರಂಜನ, ಚದುರಂಗರ ಜೊತೆ ಅವರ ಹೆಸರೂ ಸೇರಿತು. ಕೆಳಮಧ್ಯಮ ವರ್ಗದ ಸಂಕಟ, ಸಮಾಜ ಹೊರಗಿಟ್ಟ ಹೆಣ್ಣುಮಕ್ಕಳ ಬದುಕು, ಹೊಟ್ಟೆಪಾಡು, ಇವು ಆ ಬಳಗದ ವಸ್ತು. ಅಂಥ ಬಳಗದಲ್ಲಿದ್ದುಕೊಂಡೇ ತರಾಸು ಪಾಳೆಯಗಾರರ ಕಡೆ ತಿರುಗಿದರು. ಹಳೆಯ ವೈಭವದ ಮೋಹ ಅಂತ ಕೆಲವರು ಆಗ ಮೂಗು ಮುರಿದರು. ಆ ಕಾದಂಬರಿಗಳನ್ನು ಓದಿದವರು ಹಾಗೆ ಹೇಳಲಾರರು. ದರ್ಬಾರಿನ ಜರತಾರಿಗಿಂತ ಹೆಚ್ಚು ಪುಟ ಅವರು ಕೊಟ್ಟದ್ದು ದರ್ಬಾರಿನ ಹಿಂದಿನ ಕತ್ತಲೆಗೆ.

ಅವರು ಬೆಳೆದದ್ದು ದುರ್ಗದಲ್ಲಿ. ಆ ಊರಲ್ಲಿ ಬೆಳೆದವರಿಗೆ ಬೆಟ್ಟ ಕಣ್ಣೆದುರಿಗೇ ಇರುತ್ತದೆ. ಆಟಕ್ಕೆ ಹೋಗುವುದೂ ಅಲ್ಲೇ, ಹರಕೆಗೆ ಹೋಗುವುದೂ ಅಲ್ಲೇ. ಏಳು ಸುತ್ತಿನ ಕೋಟೆ, ಒಳಗೆ ಹಿಡಿಂಬೇಶ್ವರ, ಏಕನಾಥೇಶ್ವರಿ, ಸಂಪಿಗೆ ಸಿದ್ಧೇಶ್ವರ; ಆಚೆಗೆ ಚಂದ್ರವಳ್ಳಿ, ಜೋಗಿಮಟ್ಟಿ. ಪಾಳೆಯಗಾರರ ಚರಿತ್ರೆ ತರಾಸು ಕೈಗೆತ್ತಿಕೊಳ್ಳುವ ಮೊದಲೂ ಇತ್ತು. ಎಂ.ಎಸ್. ಪುಟ್ಟಣ್ಣ ಅದನ್ನು ಪುಸ್ತಕ ಮಾಡಿದ್ದರು. ಹುಲ್ಲೂರು ಶ್ರೀನಿವಾಸ ಜೋಯಿಸರು ಊರೂರು ಸುತ್ತಿ ಕಾಗದಪತ್ರ, ಬಖೈರು, ಆಯುಧಗಳನ್ನು ಕೂಡಿಹಾಕಿದ್ದರು. ಲಾವಣಿಗಳೂ ಅಜ್ಜಿಯರ ಕಥೆಗಳೂ ಸಾಕಷ್ಟಿದ್ದವು. ಅಲ್ಲೆಲ್ಲ ನಾಯಕರು ಪಟ್ಟಕ್ಕೆ ಬರುತ್ತಿದ್ದರು, ಯುದ್ಧ ಮಾಡುತ್ತಿದ್ದರು, ಸಾಯುತ್ತಿದ್ದರು. ಪಟ್ಟಕ್ಕೂ ಸಾವಿಗೂ ನಡುವೆ ಆ ಮನುಷ್ಯರು ನಿದ್ದೆಗೆಟ್ಟು ಕಳೆದ ರಾತ್ರಿಗಳನ್ನು ಬರೆದವರು ತರಾಸು.

‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’. ಈ ಮೂರನ್ನು ಬೆನ್ನುಬೆನ್ನಿಗೆ ಓದಿದ ಯಾರೂ ದಳವಾಯಿ ಮುದ್ದಣ್ಣನನ್ನು ಮರೆಯಲಾರರು. ಹದಿನೇಳನೆಯ ಶತಮಾನದ ಕೊನೆಯ ಭಾಗ. ಸೇನೆ ದಳವಾಯಿಯ ಕೈಯಲ್ಲಿ. ಪಟ್ಟದಲ್ಲಿ ಯಾರಿರಬೇಕು, ಎಷ್ಟು ದಿನ ಇರಬೇಕು ಎಂಬುದೂ ಅವನ ಕೈಯಲ್ಲೇ. ನಾಯಕರು ಬರುತ್ತಾರೆ, ಬಲಿಯಾಗುತ್ತಾರೆ. ನಾಗತಿಯರು ಕಣ್ಣೀರಿಗೆ ಅಂಜದೆ ಲೆಕ್ಕ ಹಾಕುತ್ತಾರೆ. ಅರಮನೆಯ ಊಳಿಗದವರು ಬಾಗಿಲ ಸಂದಿನಲ್ಲಿ ಉಸಿರು ಹಿಡಿದು ನಿಲ್ಲುತ್ತಾರೆ. ಹೊರಗಿನ ಶತ್ರು ಇಲ್ಲಿ ಲೆಕ್ಕಕ್ಕೇ ಇಲ್ಲ. ಆನೆ ನುಗ್ಗಿದರೂ ಅಲುಗದ ಕಲ್ಲಿನ ಕೋಟೆಯನ್ನು ಒಳಗಿನವರೇ ತಿನ್ನುತ್ತಿದ್ದಾರೆ. ನನ್ನ ಮಟ್ಟಿಗೆ ತರಾಸು ಅವರ ದೊಡ್ಡತನ ಇರುವುದು ಇಲ್ಲಿ. ನಮ್ಮವರ ಶೌರ್ಯ ಹೇಳುವುದು ಸುಲಭ, ಕೇಳುವವರು ಚಪ್ಪಾಳೆ ತಟ್ಟುತ್ತಾರೆ. ನಮ್ಮವರೇ ನಮ್ಮವರಿಗೆ ಬಗೆದ ದ್ರೋಹವನ್ನು ಮೂರು ಸಂಪುಟ ಎಳೆದು, ಓದುಗ ಮುಖ ತಿರುಗಿಸದಂತೆ ಹಿಡಿದಿಡುವುದು ಸುಲಭವಲ್ಲ. ಅವರು ಅದನ್ನು ಜನಪ್ರಿಯ ಕಾದಂಬರಿಯಲ್ಲಿ ಮಾಡಿದರು, ವಾರದ ಬಾಡಿಗೆಗೆ ಪುಸ್ತಕ ಒಯ್ಯುವ ಓದುಗರಿಗಾಗಿ ಮಾಡಿದರು.

ಆ ಬಾಡಿಗೆ ಲೈಬ್ರರಿಯ ಬಗ್ಗೆ ಹೇಳಲೇಬೇಕು. ನಮ್ಮೂರಿನದು ಒಂದು ಟೈಲರ್ ಅಂಗಡಿಯ ಪಕ್ಕದ ಮಳಿಗೆ. ಮೂರು ಗೋಡೆಗೆ ಮರದ ಹಲಗೆ, ಬಾಗಿಲ ಬಳಿ ಒಂದು ಮೇಜು, ಮೇಜಿನ ಮೇಲೆ ಉದ್ದನೆಯ ರಿಜಿಸ್ಟರ್. ಪುಸ್ತಕಗಳಿಗೆಲ್ಲ ಕಂದು ಕಾಗದದ ಹೊದಿಕೆ, ಬೆನ್ನಿಗೆ ಬಟ್ಟೆಪಟ್ಟಿ, ಮೈದಾ ಅಂಟಿನ ವಾಸನೆ. ಅನಕೃ, ತರಾಸು, ತ್ರಿವೇಣಿ, ಎಂ.ಕೆ. ಇಂದಿರಾ ಅವರ ಪುಸ್ತಕ ಹಲಗೆಯ ಮೇಲೆ ಕಾಣುತ್ತಿದ್ದದ್ದೇ ಅಪರೂಪ, ಯಾವಾಗಲೂ ಯಾರದೋ ಮನೆಯಲ್ಲಿರುತ್ತಿದ್ದವು. ‘ರಕ್ತರಾತ್ರಿ ಬಂತಾ?’ ಎಂದು ಶಾಲೆ ಬಿಟ್ಟ ಮೇಲೆ ಹೋಗಿ ಕೇಳುವುದು ನನಗೆ ದೊಡ್ಡಮ್ಮ ವಹಿಸಿದ ಕೆಲಸ. ಬಂದಿದ್ದರೆ ಅದರ ಹಿಂದೆ ಇನ್ನೂ ನಾಲ್ಕು ಮನೆಯವರ ಹೆಸರು ರಿಜಿಸ್ಟರಿನಲ್ಲಿರುತ್ತಿತ್ತು, ಮೂರು ದಿನದಲ್ಲಿ ಓದಿ ಕೊಡಬೇಕು. ಹಗಲು ದೊಡ್ಡಮ್ಮ, ಸಂಜೆ ಚಿಕ್ಕಪ್ಪ, ರಾತ್ರಿ ಊಟವಾದ ಮೇಲೆ ಎಲ್ಲರಿಗೂ ಕೇಳುವ ಹಾಗೆ ಒಬ್ಬರು ಗಟ್ಟಿಯಾಗಿ. ಓದುಬಾರದ ಪಕ್ಕದ ಮನೆಯವರೂ ಜಗಲಿಗೆ ಬಂದು ಕೂರುತ್ತಿದ್ದರು. ‘ನಾನು ಬರೋತನಕ ಮುಂದಕ್ಕೆ ಓದ್ಬೇಡ್ರಿ’ ಎಂದು ಹಾಲು ಕಾಯಿಸಲು ಎದ್ದವರು ಒಳಗಿನಿಂದಲೇ ಕೂಗುತ್ತಿದ್ದರು.

ನಮ್ಮ ಲೈಬ್ರರಿಯ ‘ತಿರುಗುಬಾಣ’ದಲ್ಲಿ ನಡುವೆ ಒಂದು ಹಾಳೆ ಹರಿದುಹೋಗಿತ್ತು. ಹಿಂದಿನ ಯಾರೋ ಓದುಗರು ಬೇರೆ ಪ್ರತಿ ಹುಡುಕಿ, ಆ ಎರಡು ಪುಟಗಳನ್ನು ಗೆರೆ ಎಳೆದ ನೋಟ್‌ಬುಕ್ಕಿನ ಹಾಳೆಯಲ್ಲಿ ನೀಲಿ ಶಾಯಿಯಿಂದ ನಕಲು ಮಾಡಿ ಅಂಟಿಸಿದ್ದರು. ದುಂಡನೆಯ ಅಕ್ಷರ, ಪ್ಯಾರಾ ಕೂಡ ಅಚ್ಚಿನಲ್ಲಿದ್ದಂತೆಯೇ ಬಿಟ್ಟದ್ದು. ಮೇಲೆ ಪುಟದ ಸಂಖ್ಯೆ, ಕೆಳಗೆ ಹೆಸರಿಲ್ಲ. ತಾವು ಕಾಣದ, ಮುಂದೆ ಬರುವ ಓದುಗರಿಗೆ ಕಥೆ ತಪ್ಪಬಾರದು ಎಂದು ಒಂದು ಸಂಜೆಯನ್ನು ಕೊಟ್ಟವರು ಅವರು. ಒಬ್ಬ ಲೇಖಕನಿಗೆ ಸಿಗುವ ಪ್ರಶಸ್ತಿಗಳಲ್ಲಿ ಇದಕ್ಕಿಂತ ದೊಡ್ಡದನ್ನು ನಾನು ಕಂಡಿಲ್ಲ. ಆ ಲೈಬ್ರರಿ ಮುಚ್ಚಿ ಬಹಳ ವರ್ಷವಾಯಿತು. ಪುಸ್ತಕಗಳು ತೂಕಕ್ಕೆ ಹೋದವು ಎಂದು ಕೇಳಿದೆ. ಆ ನೀಲಿ ಶಾಯಿಯ ಹಾಳೆಯೂ ಅದರಲ್ಲೇ ಹೋಗಿರಬೇಕು. ಈಗ ನೆನೆದರೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಓದಿನಿಂದ ನಾಡಿನ ನಕ್ಷೆಯೇ ಬದಲಾಗುತ್ತಿತ್ತು. ದುರ್ಗದಿಂದ ದಾವಣಗೆರೆಗೆ ಹೋಗುವ ಬಸ್ಸಿನಲ್ಲಿ ಕಂಡಕ್ಟರು ‘ಭರಮಸಾಗರ’ ಎಂದು ಕೂಗಿದರೆ ತರಾಸು ಅವರ ‘ಹೊಸಹಗಲು’ ಓದಿದವರಿಗೆ ಅದು ಬರೀ ಸ್ಟಾಪಾಗಿ ಕೇಳುತ್ತಿರಲಿಲ್ಲ. 1689ರಲ್ಲಿ ಪಟ್ಟಕ್ಕೆ ಬಂದ ಬಿಚ್ಚುಗತ್ತಿ ಭರಮಣ್ಣ ನಾಯಕ ಕಟ್ಟಿಸಿದ ಕೆರೆ ಅದು. ಅಷ್ಟೆಲ್ಲ ರಕ್ತ ಹರಿದ ಮೇಲೆ ಬಂದ ನಾಯಕ ಕೆರೆ ಕಟ್ಟಿಸಿದನಲ್ಲ ಎಂಬ ಸಮಾಧಾನದಿಂದ ಕಿಟಕಿಯಾಚೆ ನೋಡುತ್ತಿದ್ದೆವು. ರೈಲು ಮಾಯಕೊಂಡದಲ್ಲಿ ನಿಂತರೆ, 1748ರಲ್ಲಿ ಇಲ್ಲೇ ಅಲ್ಲವೇ ದುರ್ಗದ ನಾಯಕ ಹಿರೇಮದಕರಿ ಮಡಿದದ್ದು ಎಂದು ಪ್ಲಾಟ್‌ಫಾರಮ್ಮಿನ ಆಚೆಯ ಹೊಲಗಳ ಮೇಲೆ ಕಣ್ಣಾಡಿಸುತ್ತಿದ್ದೆವು. ಈಗ ಆ ದಾರಿಯಲ್ಲಿ ಆರು ಪಥದ ಹೆದ್ದಾರಿ. ಭರಮಸಾಗರ ಎಂಬ ಹಸಿರು ಫಲಕ ಬಂದದ್ದೂ ಹೋದದ್ದೂ ತಿಳಿಯುವುದಿಲ್ಲ. ಕಾರಿನಲ್ಲಿರುವ ಮಕ್ಕಳಿಗೆ ಹೇಳಲು ಹೊರಟರೆ ಕಥೆ ಎಲ್ಲಿಂದ ಶುರುಮಾಡುವುದು ಎಂಬುದೇ ಕಷ್ಟವಾಗುತ್ತದೆ.

ತರಾಸು ಬರೆದದ್ದು ಪಾಳೆಯಗಾರರನ್ನಷ್ಟೇ ಅಲ್ಲ. 1952ರ ‘ಹಂಸಗೀತೆ’ ದುರ್ಗದ ಸಂಗೀತಗಾರ ಭೈರವಿ ವೆಂಕಟಸುಬ್ಬಯ್ಯನ ಬೆನ್ನುಹತ್ತಿ ಹೋದ ಕಾದಂಬರಿ. ಮನುಷ್ಯನ ಅಪ್ಪಣೆಗೆ ಹಾಡಲಾರೆ ಎಂದು ನಾಲಗೆಯನ್ನೇ ಕತ್ತರಿಸಿಕೊಂಡವನ ಕಥೆ. ಅದನ್ನು ಆಧರಿಸಿ 1956ರಲ್ಲಿ ಹಿಂದಿಯಲ್ಲಿ ‘ಬಸಂತ್ ಬಹಾರ್’ ಬಂತು. 1975ರಲ್ಲಿ ಜಿ.ವಿ. ಅಯ್ಯರ್ ಕನ್ನಡದಲ್ಲಿ ‘ಹಂಸಗೀತೆ’ಯನ್ನೇ ಮಾಡಿದರು, ಅನಂತನಾಗ್ ನಾಯಕ, ಬಾಲಮುರಳಿಕೃಷ್ಣರ ಗಾಯನಕ್ಕೆ ರಾಷ್ಟ್ರಪ್ರಶಸ್ತಿ. ‘ನೃಪತುಂಗ’, ‘ಶಿಲ್ಪಶ್ರೀ’ಗಳಲ್ಲಿ ರಾಷ್ಟ್ರಕೂಟರ, ಗಂಗರ ಕಾಲಕ್ಕೆ ಹೋದರು. ಆದರೂ ನನಗೆ ತರಾಸು ಎಂದರೆ ದುರ್ಗವೇ. ಬೇರೆ ಕಡೆ ಅವರು ಬೆರಗಿನಿಂದ ಬರೆದರು, ದುರ್ಗವನ್ನು ಮನೆಮಗನ ಕಕ್ಕುಲಾತಿಯಿಂದ ಬರೆದರು.

ಇವತ್ತಿನವರಿಗೆ ಆ ಊರನ್ನು ತೋರಿಸಿದ್ದು 1972ರ ‘ನಾಗರಹಾವು’. ಅವರ ಮೂರು ಸಾಮಾಜಿಕ ಕಾದಂಬರಿಗಳನ್ನು ಹೆಣೆದು ಪುಟ್ಟಣ್ಣ ಕಣಗಾಲ್ ಮಾಡಿದ ಸಿನಿಮಾ. ಅದರಲ್ಲಿ ಜಯಂತಿಯವರ ಓಬವ್ವ ಒಂದು ಹಾಡಿನಷ್ಟು ಹೊತ್ತು ಬಂದು ಹೋಗುತ್ತಾಳೆ, ಆ ಹೊತ್ತು ಐವತ್ತು ವರ್ಷ ದಾಟಿ ನಿಂತಿದೆ. ಸಿನಿಮಾ ತರಾಸು ಅವರಿಗೆ ಒಪ್ಪಿಗೆಯಾಗಲಿಲ್ಲ ಎಂಬ ಮಾತು ಆಗಲೇ ಹಬ್ಬಿತ್ತು. ನಾನು ಆ ಸಿನಿಮಾವನ್ನು ಪ್ರೀತಿಸುವವನೇ. ಚಾಮಯ್ಯ ಮೇಷ್ಟ್ರನ್ನು ಅಶ್ವತ್ಥರ ಮುಖವಿಲ್ಲದೆ ನೆನೆಯಲು ನನ್ನಿಂದಾಗದು. ಆದರೆ ಪುಸ್ತಕ ಹಿಂದೆ ಸರಿದು ಸಿನಿಮಾ ಮಾತ್ರ ಉಳಿದಾಗ ಒಂದು ಇಡೀ ಊರು ಖಾಲಿಯಾಯಿತು.

ಈಚೆಗೆ ಕೋಟೆಗೆ ಹೋಗಿದ್ದೆ. ಭಾನುವಾರ, ಶಾಲೆಯ ಪ್ರವಾಸದ ಬಸ್ಸುಗಳು ಸಾಲಾಗಿ ನಿಂತಿದ್ದವು. ಮಕ್ಕಳು ಸೀದಾ ಓಬವ್ವನ ಕಿಂಡಿಗೆ ಓಡಿದರು. ಒಬ್ಬೊಬ್ಬರಾಗಿ ತೂರಿಕೊಂಡು ಬಂದು ಫೋಟೊ ತೆಗೆಸಿಕೊಂಡರು. ಅದು ಸಂತೋಷವೇ. ಕಹಳೆ ಕಾವಲುಗಾರನ ಹೆಂಡತಿಯೊಬ್ಬಳ ಹೆಸರು ರಾಜರ ಹೆಸರಿಗಿಂತ ಗಟ್ಟಿಯಾಗಿ ನಿಂತದ್ದು, 2021ರಿಂದ ನವೆಂಬರ್ 11ರಂದು ಸರ್ಕಾರವೇ ಓಬವ್ವ ಜಯಂತಿ ಆಚರಿಸುತ್ತಿರುವುದು ಒಳ್ಳೆಯದೇ ಆಯಿತು. ಆದರೆ ಕಿಂಡಿಯಾದ ಮೇಲೆ ಮಕ್ಕಳಿಗೆ ನೋಡಲು ಏನೂ ಉಳಿದಿರಲಿಲ್ಲ. ತುಪ್ಪದ ಕೊಳದ ಬತೇರಿಯ ಕೆಳಗೆ ಕೂತು ಬಿಸ್ಕತ್ತು ತಿಂದರು. ಅಕ್ಕ-ತಂಗಿಯರ ಹೊಂಡದ ಬಳಿ ಗೈಡು ಒಂದು ವಾಕ್ಯ ಹೇಳಿ ಮುಂದೆ ನಡೆದರು. ಕೋಟೆ ಬಿದ್ದ ದಿನ ಕೊನೆಯ ನಾಯಕ ಮದಕರಿಯ ರಾಣಿಯರು ಹಾರಿದರೆಂದು ದುರ್ಗದವರು ಹೇಳುವ ಹೊಂಡ ಅದು. ನಮ್ಮ ದೊಡ್ಡಮ್ಮನಂಥವರು ಅಲ್ಲಿ ನಿಂತಿದ್ದರೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಮೇಷ್ಟ್ರ ತಪ್ಪೂ ಅಲ್ಲ, ಗೈಡಿನ ತಪ್ಪೂ ಅಲ್ಲ. ಅಳಬೇಕಾದರೆ ಆ ಹೆಂಗಸರ ಪರಿಚಯ ಇರಬೇಕು, ಪರಿಚಯ ಮಾಡಿಕೊಡುವ ಪುಸ್ತಕ ಆ ಮಕ್ಕಳ ಮನೆಯಲ್ಲಿಲ್ಲ.

ಮದಕರಿಯದು ಇನ್ನೊಂದು ಪಾಡು. ದುರ್ಗದ ವಂಶದಲ್ಲಿ ಮದಕರಿ ಎಂಬ ಹೆಸರಿನವರು ಹಲವರು. ಓದುಗರಿಗೆ ಅವರು ಬೇರೆ ಬೇರೆ ಮನುಷ್ಯರಾಗಿದ್ದರು. ಈಗ ಬ್ಯಾನರಿನಲ್ಲಿ, ವಾಹನಗಳ ಹಿಂದಿನ ಗಾಜಿನ ಮೇಲೆ, ಸಮಾವೇಶದ ಘೋಷಣೆಯಲ್ಲಿ ಒಬ್ಬನೇ ಮದಕರಿ, ಕೈಯಲ್ಲಿ ಕತ್ತಿ, ಮುಖದಲ್ಲಿ ಒಂದೇ ಭಾವ. ಕತ್ತಿ ಹಿಡಿದ ಮದಕರಿಯ ಬಗ್ಗೆ ನನಗೂ ಅಭಿಮಾನವಿದೆ. ಆದರೆ ‘ದುರ್ಗಾಸ್ತಮಾನ’ದಲ್ಲಿ ನಾನು ಕಂಡವನು ಜಾನಕಲ್ಲಿನಿಂದ ಕರೆತಂದ ಹುಡುಗ. ಕಸ್ತೂರಿ ರಂಗಪ್ಪ ನಾಯಕ ಮಕ್ಕಳಿಲ್ಲದೆ ತೀರಿಕೊಂಡ ಮೇಲೆ, ಅರಮನೆಯ ಓಬವ್ವ ನಾಗತಿ ಹುಡುಕಿ ಪಟ್ಟಕ್ಕೆ ಕೂರಿಸಿದ ಹುಡುಗ. ಅವನಿಗೆ ಹೆದರಿಕೆಯಿದೆ, ಹಟವಿದೆ, ದೊಡ್ಡವರ ಮಾತು ಕೇಳಬೇಕೋ ಬೇಡವೋ ಎಂಬ ತೊಳಲಾಟವಿದೆ. ಸುತ್ತಲೂ ಪ್ರಧಾನಿ ಕಳ್ಳಿ ನರಸಪ್ಪಯ್ಯನಂಥ ಬುದ್ಧಿವಂತರು. ಒಂದು ಕಡೆ ಹೈದರ್, ಇನ್ನೊಂದು ಕಡೆ ಮರಾಠರು. ಹೈದರನಿಗೆ ಕಪ್ಪ ಕೊಟ್ಟು ಅವನ ದಂಡಯಾತ್ರೆಗಳಲ್ಲಿ ನೆರವಾದವನೂ ಅವನೇ, ಕೊನೆಗೆ ಮರಾಠರ ಕಡೆ ವಾಲಿ ಹೈದರನ ಕೋಪಕ್ಕೆ ಗುರಿಯಾದವನೂ ಅವನೇ. ಅವನನ್ನು ಬೆಳೆಯಲು ಬಿಟ್ಟು, ತಪ್ಪು ಮಾಡಲು ಬಿಟ್ಟು, ಆಮೇಲೆ ಸೋಲಲು ಬಿಟ್ಟವರು ತರಾಸು. ಕೋಟೆ ಬಿದ್ದ ಮೇಲೆ ಅವನನ್ನು ಶ್ರೀರಂಗಪಟ್ಟಣಕ್ಕೆ ಒಯ್ದರು. 20,000 ಬೇಡರನ್ನೂ ಅತ್ತ ಸಾಗಿಸಿದರು ಎನ್ನುತ್ತದೆ ಮೈಸೂರು ಗೆಜೆಟಿಯರ್. ಗೆಜೆಟಿಯರಿಗೆ ಅದು ಒಂದು ಸಾಲು. ಆ ಸಾಲಿಗೆ ನಾವು ದುಃಖಪಡುವಂತಾದದ್ದು ಕಾದಂಬರಿಯಿಂದ.

ಆ ಕಾದಂಬರಿ ಬಂದದ್ದು 1982ರಲ್ಲಿ. ‘ವಿಜಯೋತ್ಸವ’, ‘ರಾಜ್ಯದಾಹ’, ‘ಕಸ್ತೂರಿ ಕಂಕಣ’ ಎಲ್ಲ ಬಂದುಹೋಗಿ, ಎಂಟನೆಯದಾಗಿ. ದುರ್ಗದ ಕಥೆಯನ್ನು ಅಷ್ಟು ಸಲ ಬರೆದವರು ಅದರ ಅಂತ್ಯವನ್ನು ಕೊನೆಗೆ ಇಟ್ಟುಕೊಂಡಿದ್ದರು. ಎರಡು ವರ್ಷದಲ್ಲಿ, 1984ರ ಏಪ್ರಿಲ್ 10ರಂದು, ತಾವೂ ಹೋದರು. ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು 1985ರಲ್ಲಿ, ತೆಗೆದುಕೊಳ್ಳಲು ಅವರಿರಲಿಲ್ಲ. ಬದುಕಿದ್ದಾಗ ವಿಮರ್ಶಕರು ಅವರ ಕಡೆ ಅಷ್ಟಾಗಿ ತಿರುಗಲಿಲ್ಲ. ನವ್ಯದ ಕಾಲ, ಜನ ಮುಗಿಬಿದ್ದು ಓದುವುದೇ ಒಂದು ದೋಷವಾಗಿ ಕಾಣುತ್ತಿದ್ದ ಕಾಲ. ಅವರ ಬರವಣಿಗೆಯಲ್ಲಿ ದೋಷವಿಲ್ಲವೆನ್ನಲಾರೆ. ಮಾತು ಉಕ್ಕಿ ಹರಿಯುತ್ತದೆ, ಭಾವನೆಗೆ ಕಡಿವಾಣವಿಲ್ಲ, ಒಂದು ನಿಟ್ಟುಸಿರಿಗೆ ಅರ್ಧ ಪುಟ ಹೋಗುತ್ತದೆ. ಆದರೆ ಗಟ್ಟಿಯಾಗಿ ಓದಿ ನೋಡಿ, ಆ ಉಕ್ಕಿಗೆ ಕಾರಣ ತಿಳಿಯುತ್ತದೆ. ಜಗಲಿಯ ಮೇಲೆ ಹತ್ತು ಜನ ಕೇಳುವಂತೆ ಓದಲು ಆ ಉಸಿರು ಬೇಕು. ಪಿಸುಮಾತಿನಲ್ಲಿ ಓದುವ ಕಾದಂಬರಿಯ ಅಳತೆಗೋಲು ಹಿಡಿದು ಅದನ್ನು ಅಳೆದದ್ದು ಅನ್ಯಾಯ.

ಅವರ ಜನ್ಮಶತಮಾನೋತ್ಸವದ ದಿನ, 2020ರ ಏಪ್ರಿಲ್ 21, ದೇಶಕ್ಕೆ ದೇಶವೇ ಬೀಗ ಹಾಕಿಕೊಂಡಿತ್ತು. ಊರಿನಲ್ಲಿ ಅವರ ಹೆಸರಿನ ರಂಗಮಂದಿರವೇ ಇದೆ, ಅದರ ಬಾಗಿಲೂ ತೆರೆಯುವಂತಿರಲಿಲ್ಲ. ಆ ವಾರ ಎಲ್ಲರೂ ಮನೆಯಲ್ಲೇ ಇದ್ದೆವು, ಎಂಟು ಕಾದಂಬರಿ ಓದುವಷ್ಟು ಹೊತ್ತೂ ಇತ್ತು. ಪುಸ್ತಕ ಎಷ್ಟು ಮನೆಗಳಲ್ಲಿದ್ದವು? ಈಚೆಗೆ ಒಂದು ಪುಸ್ತಕದಂಗಡಿಯಲ್ಲಿ ಕೇಳಿದೆ. ‘ದುರ್ಗಾಸ್ತಮಾನ’ ತಕ್ಷಣ ತೆಗೆದುಕೊಟ್ಟರು. ಉಳಿದವನ್ನು ಕೇಳಿದಾಗ ಕೌಂಟರಿನ ಹುಡುಗ, ‘ಅದು ಸೀರೀಸಾ ಸಾರ್?’ ಎಂದ. ಹೌದಪ್ಪ, ಸೀರೀಸು, ಒಂದರ ಹಿಂದೆ ಒಂದು ಓದಬೇಕು ಎಂದೆ. ಅವನು ಕುತೂಹಲದಿಂದಲೇ ಕೇಳಿದ್ದ. ಕತ್ತಿ, ಕೋಟೆ, ಸಿಂಹಾಸನ, ವಿಷ, ದ್ರೋಹಗಳ ವಿದೇಶಿ ಧಾರಾವಾಹಿಗಳನ್ನು ರಾತ್ರಿಯಿಡೀ ಕೂತು ನೋಡುವ ವಯಸ್ಸು ಅದು. ಮುದ್ದಣ್ಣನನ್ನು ಅವನ ಕೈಗೆ ಕೊಡುವವರು ಯಾರೂ ಇರಲಿಲ್ಲ, ಅಷ್ಟೆ.

ದುರ್ಗವನ್ನು ಬರೆಯುವುದು ನಿಂತಿಲ್ಲ. ಬಿ.ಎಲ್. ವೇಣು ಅದೇ ಮಣ್ಣಿನಲ್ಲಿ ನಿಂತು ಪಾಳೆಯಗಾರರ ಮೇಲೆ ಕಾದಂಬರಿ ಬರೆದಿದ್ದಾರೆ, ಅದು ಸಿನಿಮಾಕ್ಕೂ ಹೋಗಿದೆ. ಚರಿತ್ರೆಯ ಸಂಶೋಧನೆಯೂ ತರಾಸು ಕಾಲಕ್ಕಿಂತ ಬಹಳ ಮುಂದೆ ಬಂದಿದೆ. ತಪ್ಪಿಹೋದದ್ದು ಒಟ್ಟಿಗೆ ಓದುವುದು. ಅದರ ಜೊತೆಗೇ ಹೋದದ್ದು ಆ ಓದಿನ ಜಗಳ. ಊಟದ ಎಲೆಯ ಮುಂದೆ ಕೂತು ಚಿಕ್ಕಪ್ಪ, ‘ಮದಕರಿ ಹೈದರನ ಜೊತೆಗೇ ನಿಂತಿದ್ರೆ ದುರ್ಗ ಉಳೀತಿತ್ತು’ ಎನ್ನುವರು. ‘ಎಷ್ಟು ದಿನ? ಇವತ್ತು ಅವರನ್ನ ನುಂಗಿದೋನು ನಾಳೆ ಇವನನ್ನ ಬಿಡ್ತಿದ್ನಾ?’ ಎಂದು ದೊಡ್ಡಮ್ಮ ಸಾರಿನ ಸೌಟು ಹಿಡಿದೇ ಕೇಳುವರು. ಪಕ್ಕದ ಮನೆಯವರು ನಾಗತಿಯ ಪರ. ನರಸಪ್ಪಯ್ಯನನ್ನು ಯಾರೂ ಕ್ಷಮಿಸುತ್ತಿರಲಿಲ್ಲ. ಇನ್ನೂರು ವರ್ಷದ ಹಿಂದಿನ ನಿರ್ಧಾರವೊಂದಕ್ಕೆ ನಮ್ಮ ಮನೆಯಲ್ಲಿ ಎರಡು ಪಕ್ಷಗಳಾಗಿದ್ದವು, ಎರಡೂ ಪಕ್ಷದವರೂ ಮದಕರಿಯನ್ನು ಪ್ರೀತಿಸುತ್ತಿದ್ದರು.

ದೊಡ್ಡಮ್ಮ ಈಗಿಲ್ಲ, ಚಿಕ್ಕಪ್ಪನಿಗೆ ಕಣ್ಣು ಕಾಣುವುದಿಲ್ಲ. ಮೊನ್ನೆ ಹೋದಾಗ ‘ಹೊಸಹಗಲು’ ಓದಿ ಹೇಳು ಎಂದರು. ಒಂದು ಅಧ್ಯಾಯ ಓದಿದೆ, ಎಲ್ಲೆಲ್ಲಿ ಉಸಿರು ನಿಲ್ಲಿಸಬೇಕು ಎಂದು ಅವರೇ ಹೇಳಿಕೊಟ್ಟರು. ನನ್ನ ವಾದ ಇನ್ನೂ ದೊಡ್ಡಮ್ಮನ ಕಡೆಗೇ ಇದೆ. ಚಿಕ್ಕಪ್ಪ ಒಬ್ಬರೇ ಎದುರು ಪಕ್ಷ. ‘ದುರ್ಗಾಸ್ತಮಾನ’ ಓದಿದವರು ಯಾರಾದರೂ ಇದ್ದರೆ ಬನ್ನಿ, ಹೈದರನ ಜೊತೆ ನಿಲ್ಲಬೇಕಿತ್ತೋ ಬೇಡವೋ ಕೂತು ಮಾತಾಡೋಣ. ಓದದವರಿದ್ದರೆ ‘ಕಂಬನಿಯ ಕುಯಿಲು’ ನನ್ನ ಬಳಿ ಎರಡು ಪ್ರತಿ ಇವೆ.